ಗುರುಮಠದ ಹಳೆ ಕಟ್ಟಡ, ಹೊಸ ಕಟ್ಟಡ: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಪೂಜೆ ಮುಗಿಸಿ ಹೊರಗೆ ಬಂದು ಚಪ್ಪಲಿ ಹುಡುಕುವಷ್ಟರಲ್ಲಿ ಯಾರಾದರೂ ಒಬ್ಬರು ಹಿಡಿದುಕೊಳ್ಳುತ್ತಾರೆ. “ಏನ್ ಸಾರ್, ಸೆಮಿನರಿ ಕೆಲಸ ಎಲ್ಲಿಗೆ ಬಂತು?” ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯ ಮಾತೆ ಹಬ್ಬಕ್ಕೆ ಹೋದರೆ ಅಲ್ಲೂ ಅದೇ ಪ್ರಶ್ನೆ. ಮದುವೆ ಮನೆಯ ಪಂಕ್ತಿಯಲ್ಲಿ ಪಾಯಸ ಬಡಿಸುವವರೂ ಕೇಳುತ್ತಾರೆ. ದಾವಣಗೆರೆ ಜಿಲ್ಲೆಯ ನಮ್ಮ ಗುರುಮಠದಲ್ಲಿ, ಅಂದರೆ ಕಥೋಲಿಕ ಸೆಮಿನರಿಯಲ್ಲಿ, ಹಳೆ ಕಟ್ಟಡದ ರಿಪೇರಿ, ಹೊಸ ಬ್ಲಾಕಿನ ಕೆಲಸ ಎರಡೂ ನಡೆದಿವೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿ ಈಗ ಕೂತು ಬರೆದಿದ್ದೇನೆ.

ನಾನು ಕಟ್ಟಡ ಸಮಿತಿಯಲ್ಲಿ ಇರುವುದು ಭಕ್ತಿ ಜಾಸ್ತಿ ಅಂತ ಅಲ್ಲ. ಸರ್ಕಾರಿ ಕಟ್ಟಡಗಳ ಓವರ್‌ಸಿಯರ್ ಆಗಿದ್ದು ರಿಟೈರ್ ಆದವನು, ಅಷ್ಟೇ. ದೇವಶಾಸ್ತ್ರ ಕೇಳಿದರೆ ಗುರುಮಠದ ಮುಖ್ಯಸ್ಥರಾದ ರೆಕ್ಟರ್ ಫಾದರ್ ಕಡೆ ಕೈ ತೋರಿಸುತ್ತೇನೆ. ಪಾಯದ ಬಗ್ಗೆ ಕೇಳಿದರೆ ನಿಲ್ಲಿಸುವುದು ಕಷ್ಟ, ಮೊದಲೇ ಹೇಳಿಬಿಡುತ್ತೇನೆ.

ಗುರುಮಠ ಅಂದರೆ ಯಾವ ಮಠ? ಸಿರಿಗೆರೆ ಮಠದ ಶಾಖೆಯಾ?

ಅಲ್ಲ. ಈ ಪ್ರಶ್ನೆಗೆ ನಗಬೇಡಿ, ನಮ್ಮ ಸೀಮೆಯಲ್ಲಿ ಇದು ಸಹಜ. ಚಿತ್ರದುರ್ಗದ ಮುರುಘಾ ಮಠ, ಸಿರಿಗೆರೆಯ ತರಳಬಾಳು ಮಠ ನೋಡಿ ಬೆಳೆದವರಿಗೆ ‘ಗುರುಮಠ’ ಅಂತ ಬೋರ್ಡು ಕಂಡರೆ ಇನ್ನೇನು ಅನಿಸಬೇಕು? ಕನ್ನಡ ಕಥೋಲಿಕರು ಸೆಮಿನರಿಗೆ ಇಟ್ಟುಕೊಂಡ ಹೆಸರು ಅದು. ಫಾದರ್ ಆಗಬೇಕು ಅಂತ ಬಂದ ಹುಡುಗರು ಉಳಿದು, ಓದಿ, ಪ್ರಾರ್ಥನೆ ಮಾಡಿ ತಯಾರಾಗುವ ಮನೆ.

ಲ್ಯಾಟಿನ್‌ನಲ್ಲಿ ‘ಸೆಮಿನಾರಿಯುಂ’ ಅಂದರೆ ಸಸಿಮಡಿ. 1563ರಲ್ಲಿ ಕಥೋಲಿಕ ಬಿಷಪ್‌ಗಳ ಟ್ರೆಂಟ್ ಮಹಾಸಭೆ, ಪ್ರತಿ ಧರ್ಮಪ್ರಾಂತ್ಯವೂ (ಒಬ್ಬ ಬಿಷಪ್ ನೋಡಿಕೊಳ್ಳುವ ಪ್ರದೇಶ) ಇಂಥ ಒಂದು ಮನೆ ಮಾಡಬೇಕು ಅಂತ ತೀರ್ಮಾನ ಮಾಡಿದಾಗ ಬಳಸಿದ ಮಾತು. ನಮ್ಮ ಕಾಂಪೌಂಡಿನ ಆಚೆ ಭದ್ರಾ ನಾಲೆಯ ಗದ್ದೆಗಳಿವೆ. ನಾಲೆಗೆ ನೀರು ಬಿಟ್ಟ ತಕ್ಷಣ ರೈತರು ಮೊದಲು ಮಾಡುವುದು ಸಸಿಮಡಿಯನ್ನೇ. ದೊಡ್ಡ ಗದ್ದೆಯ ಒಂದು ಮೂಲೆ, ಅದಕ್ಕೇ ಎಲ್ಲ ಗೊಬ್ಬರ, ಎಲ್ಲ ಕಾವಲು. ನಮ್ಮ ಹುಡುಗರಲ್ಲಿ ಅರ್ಧ ಜನ ರೈತರ ಮನೆಯವರೇ, ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾವು ಯಾವ ಧರ್ಮಪ್ರಾಂತ್ಯಕ್ಕೆ ಸೇರುತ್ತೇವೆ?

ಶಿವಮೊಗ್ಗ. 1988ರ ನವೆಂಬರ್‌ನಲ್ಲಿ ಆದದ್ದು. ದಾವಣಗೆರೆ ಜಿಲ್ಲೆ ಆದದ್ದೇ 1997ರಲ್ಲಿ, ಅಂದರೆ ಧರ್ಮಪ್ರಾಂತ್ಯ ನಮ್ಮ ಜಿಲ್ಲೆಗಿಂತ ಹಿರಿಯ.

ಎಷ್ಟು ವರ್ಷ ಓದಬೇಕು? ಎಲ್ಲ ಇಲ್ಲೇ ಆಗುತ್ತದಾ?

ಪಿಯುಸಿ ಆದ ಮೇಲೆ ಲೆಕ್ಕ ಹಾಕಿದರೂ ಎಂಟು-ಹತ್ತು ವರ್ಷ. ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, 1983ರ ಕಾನೂನಿನ ಪ್ರಕಾರ ತತ್ವಶಾಸ್ತ್ರ, ದೇವಶಾಸ್ತ್ರ ಎರಡೂ ಸೇರಿ ಕನಿಷ್ಠ 6 ಪೂರ್ತಿ ವರ್ಷ ಆಗಬೇಕು. 25 ವರ್ಷ ತುಂಬದೆ ಫಾದರ್ ಆಗುವ ಗುರುದೀಕ್ಷೆ ಇಲ್ಲ. ನಡುವೆ ಒಂದೋ ಎರಡೋ ವರ್ಷ ಹಳ್ಳಿಯ ಚರ್ಚ್, ಶಾಲೆ, ಹಾಸ್ಟೆಲ್‌ಗಳಲ್ಲಿ ಕೆಲಸ.

ಎಲ್ಲ ಇಲ್ಲಿ ಆಗುವುದಿಲ್ಲ. ಇಲ್ಲಿ ಇರುವವರು ಹೈಸ್ಕೂಲು, ಪಿಯುಸಿ ಹುಡುಗರು, ಮತ್ತೆ ಪೂರ್ವಸಿದ್ಧತೆಯ ವರ್ಷದವರು. ಮುಂದಿನ ಓದಿಗೆ ಬೆಂಗಳೂರು, ಮಂಗಳೂರಿಗೆ ಹೋಗುತ್ತಾರೆ.

ಹಾಗಾದರೆ ಮೊದಲಿಂದಲೇ ಬೆಂಗಳೂರಿಗೆ ಕಳಿಸಿದರೆ ಆಯ್ತಲ್ಲ? ಇಲ್ಲಿ ಕಟ್ಟಡ ಯಾಕೆ?

ಸಮಿತಿಯಲ್ಲಿ ನಾನೂ ಇದೇ ಪ್ರಶ್ನೆ ಕೇಳಿದ್ದೆ. ರೆಕ್ಟರ್ ಎರಡು ಕಾರಣ ಕೊಟ್ಟರು.

2016ರ ಡಿಸೆಂಬರ್‌ನಲ್ಲಿ ವ್ಯಾಟಿಕನ್ ಗುರುಗಳ ತರಬೇತಿಗೆ ಹೊಸ ಮಾರ್ಗಸೂಚಿ ತಂದಿತು. ತತ್ವಶಾಸ್ತ್ರಕ್ಕೆ ಹೋಗುವ ಮುಂಚೆ ಪೂರ್ವಸಿದ್ಧತೆ ಕಡ್ಡಾಯ, ಒಂದು ವರ್ಷಕ್ಕಿಂತ ಕಡಿಮೆ ಇಲ್ಲ, ಎರಡಕ್ಕಿಂತ ಜಾಸ್ತಿ ಇಲ್ಲ. ಅದನ್ನು ಮಹಾ ಗುರುಮಠದ (ತತ್ವಶಾಸ್ತ್ರ, ದೇವಶಾಸ್ತ್ರ ಓದುವ ದೊಡ್ಡ ಸೆಮಿನರಿ) ಒಳಗೇ ನಡೆಸುವುದಕ್ಕಿಂತ, ಸಾಧ್ಯವಾದ ಕಡೆ ಬೇರೆ ಮನೆಯಲ್ಲೇ ನಡೆಸುವುದು ಒಳ್ಳೆಯದು ಅಂತ ಅದರಲ್ಲಿದೆ. ಈ ಹುಡುಗರು ಇನ್ನೂ “ಇದು ನನ್ನ ದಾರಿಯಾ?” ಅಂತ ನೋಡುತ್ತಿರುವವರು. ಹೈಸ್ಕೂಲು ಮಕ್ಕಳ ಡಾರ್ಮಿಟರಿಯ ಪಕ್ಕದ ಮಂಚದಲ್ಲಿ ಅವರನ್ನು ಮಲಗಿಸಿ ಅದು ಆಗುವುದಿಲ್ಲ. ಹೊಸ ಬ್ಲಾಕ್ ಅವರಿಗೆ.

ಎರಡನೆಯ ಕಾರಣ ಭಾಷೆ. ಮುಂದೆ ಹೊಳಲ್ಕೆರೆ, ಹಿರಿಯೂರು, ಚನ್ನಗಿರಿ ಕಡೆ ಕೆಲಸ ಮಾಡಬೇಕಾದವರು. ಮೊದಲ ಎರಡು ವರ್ಷವಾದರೂ ನಮ್ಮ ಕನ್ನಡದಲ್ಲಿ, ನಮ್ಮ ರೊಟ್ಟಿ ತಿಂದು ಬೆಳೆಯಲಿ ಅಂತ. ಮೊದಲ ಕಾರಣಕ್ಕಿಂತ ನನಗೆ ಹಿಡಿಸಿದ್ದು ಇದು.

ಹಳೆಯದನ್ನು ಕೆಡವಿ ಒಂದೇ ಸಲ ಹೊಸದು ಕಟ್ಟುವುದು ಸುಲಭ ಅಲ್ವಾ?

ಸುಲಭ ನಿಜ. ಜೆಸಿಬಿ ತಂದರೆ ಎರಡು ದಿನದ ಕೆಲಸ. ಆದರೆ ಕೆಡವುವಂಥದ್ದು ಅಲ್ಲ ಆ ಕಟ್ಟಡ. ಕಲ್ಲಿನ ದಪ್ಪ ಗೋಡೆ, ಸುಣ್ಣದ ಗಾರೆ, ಮೇಲೆ ಮಂಗಳೂರು ಹೆಂಚು. ಏಪ್ರಿಲ್ ಮಧ್ಯಾಹ್ನ ಹೊರಗೆ ನೆತ್ತಿ ಸುಡುವಾಗ ಒಳಗೆ ಬಂದರೆ ಬೆವರು ಆರುತ್ತದೆ. ಇವತ್ತು ಆ ತಂಪನ್ನು ದುಡ್ಡು ಕೊಟ್ಟು ಕಟ್ಟಿಸುವುದು ಕಷ್ಟ.

ಅದಕ್ಕೆ ಆದ ಕೇಡೆಲ್ಲ ಮಳೆಯಿಂದ ಅಲ್ಲ, ರಿಪೇರಿಯಿಂದ. ಯಾವುದೋ ಕಾಲದಲ್ಲಿ ಸುಣ್ಣದ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬಳಿದಿದ್ದಾರೆ. ಸುಣ್ಣದ ಗೋಡೆ ನೆಲದಿಂದ ತೇವ ಎಳೆದುಕೊಂಡು ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಮುಚ್ಚಿದರೆ ತೇವ ಒಳಗೇ ಉಳಿದು ಉಪ್ಪು ಮೇಲೆ ಬರುತ್ತದೆ, ಪ್ಲಾಸ್ಟರ್ ಹಪ್ಪಳದ ಹಾಗೆ ಏಳುತ್ತದೆ. ಬೆರಳ ಗಂಟಿನಿಂದ ತಟ್ಟಿ ನೋಡಿ. ಗಟ್ಟಿ ಇರುವ ಕಡೆ ಸದ್ದೇ ಬೇರೆ, ಬಿಟ್ಟಿರುವ ಕಡೆ ಡಬ್ ಡಬ್ ಅನ್ನುತ್ತದೆ. ಮೇಸ್ತ್ರಿಯೂ ನಾನೂ ಎರಡು ದಿನ ಗೋಡೆ ತಟ್ಟುತ್ತಾ ಓಡಾಡಿ, ಡಬ್ ಅಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು. ಪಡಸಾಲೆಯ ಕೆಳಭಾಗ ಪೂರ್ತಿ ಬಿಳಿ ಗೀಟು. ಅಲ್ಲೆಲ್ಲ ಸಿಮೆಂಟ್ ಕಿತ್ತು ಮತ್ತೆ ಸುಣ್ಣ-ಮರಳಿನ ಗಾರೆಯನ್ನೇ ಬಳಿಯಬೇಕು. ಸುಣ್ಣ ನೆನೆಹಾಕಬೇಕು, ಕಾಯಬೇಕು. ಗಾರೆ ಗೊತ್ತಿರುವ ಕೈ ಈಗ ಸಿಗುವುದೂ ಕಷ್ಟ, ಸಿಕ್ಕವರಿಗೆ ಅರವತ್ತು ದಾಟಿದೆ. ಅವರ ಜೊತೆ ಇಬ್ಬರು ಹುಡುಗರನ್ನು ಹಾಕಿದ್ದೇವೆ, ಕಲಿತರೆ ಕಲಿಯಲಿ.

ಹೆಂಚು ಇಳಿಸಿ, ಗೆದ್ದಲು ಹಿಡಿದ ಗಳ ಮತ್ತು ರೀಪು ಬದಲಿಸಿ, ಗಟ್ಟಿ ಇರುವ ಹೆಂಚನ್ನೇ ತೊಳೆದು ವಾಪಸ್ ಹಾಕುತ್ತೇವೆ. ಮಂಗಳೂರಿನ ಜಪ್ಪು ಅಂದರೆ ಫಾದರ್‌ಗಳಿಗೆ ಗುರುಮಠದ ನೆನಪು, 1879ರಲ್ಲಿ ಮಂಗಳೂರಿನಲ್ಲಿ ಶುರುವಾದ ಸಂತ ಜೋಸೆಫರ ಗುರುಮಠ ಅಲ್ಲಿದೆ. ನನಗೆ ಮಾತ್ರ ಹೆಂಚಿನ ನೆನಪು. 1865ರಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದ್ದೂ ಜಪ್ಪುವಿನಲ್ಲೇ. ಅವರು ಪ್ರಾಟೆಸ್ಟೆಂಟರು. ಅವರ ಹೆಂಚು ಎಷ್ಟು ಕಥೋಲಿಕ ಚರ್ಚುಗಳ ತಲೆ ಕಾದಿದೆಯೋ!

ಗೋಡೆ ಬಿರುಕಿನ ಮೇಲೆ ಗಾಜಿನ ತುಂಡು ಅಂಟಿಸಿದ್ದೀರಲ್ಲ, ಅದು ಯಾಕೆ? ದೃಷ್ಟಿಗಾ?

ದೃಷ್ಟಿಗೆ ಅಂತ ಕೇಳಿದವರು ಒಬ್ಬರಲ್ಲ, ಮೂವರು.

ಅದು ಬಿರುಕಿನ ನಾಡಿ ಹಿಡಿಯುವ ಹಳೆ ಉಪಾಯ. ಕಿಟಕಿ ಗಾಜಿನ ಬೆರಳುದ್ದದ ತುಂಡನ್ನು ಬಿರುಕಿನ ಅಡ್ಡಕ್ಕೆ ಇಟ್ಟು, ಎರಡೂ ತುದಿಗೆ ಗಾರೆ ಮೆತ್ತಿ, ಪಕ್ಕದಲ್ಲಿ ತಾರೀಖು ಬರೆಯುವುದು. ಬಿರುಕು ಹಳೆಯದು, ಸುಮ್ನೆ ಇದೆ ಅಂದರೆ ಗಾಜು ಹಾಗೇ ಇರುತ್ತದೆ. ಗೋಡೆ ಇನ್ನೂ ಅಲುಗುತ್ತಿದ್ದರೆ ಗಾಜು ಚಟ್ ಅಂತ ಒಡೆಯುತ್ತದೆ. ಗಾಜು ಬಗ್ಗುವುದಿಲ್ಲ, ಅದಕ್ಕೇ ಸುಳ್ಳು ಹೇಳುವುದಿಲ್ಲ.

ಒಂಬತ್ತು ಕಡೆ ಅಂಟಿಸಿದ್ದೆವು. ಒಂದು ಬೇಸಿಗೆ, ಒಂದು ಮಳೆಗಾಲ ಕಾದೆವು. ಇದಕ್ಕೇ ಕೆಲಸ ತಡ ಆಯ್ತು ಅಂತ ಜನ ಬೈದರು. ಎರೆ ಭೂಮಿಯಲ್ಲಿ ಒಂದು ಪೂರ್ತಿ ವರ್ಷ ನೋಡದೆ ಬಿರುಕಿಗೆ ಔಷಧ ಹೇಳುವಂತಿಲ್ಲ. ಮಾರ್ಚ್‌ನಿಂದ ಮೇವರೆಗೆ ನೆಲ ಒಣಗಿ ಕುಗ್ಗುತ್ತದೆ, ಬಿರುಕು ಬಾಯಿ ಬಿಡುತ್ತದೆ. ಮಳೆ ಬಿದ್ದರೆ ನೆಲ ಉಬ್ಬುತ್ತದೆ, ಬಾಯಿ ಮುಚ್ಚುತ್ತದೆ. ಆಗ ಬಂದು ಸಿಮೆಂಟ್ ತುಂಬಿದವರು ಮುಂದಿನ ಬೇಸಿಗೆಗೆ ಮತ್ತೆ ಬರುತ್ತಾರೆ.

ಅಷ್ಟು ದಿನದಲ್ಲಿ ಒಂಬತ್ತರಲ್ಲಿ ಏಳು ಗಾಜು ಹಾಗೇ ಉಳಿದವು. ಎರಡು ಒಡೆದವು. ಎರಡೂ ಅಡುಗೆ ಮನೆಯ ಹಿಂದಿನ ಗೋಡೆಯವು, ಮುಸುರೆ ನೀರು ನೇರ ಪಾಯದ ಬುಡಕ್ಕೆ ಹೋಗುತ್ತಿದ್ದ ಜಾಗ. ಪಕ್ಕದಲ್ಲೇ ಒಂದು ದೊಡ್ಡ ಅತ್ತಿಮರ. ಇಡೀ ಕಟ್ಟಡಕ್ಕೆ ಲಕ್ಷಗಟ್ಟಲೆ ಖರ್ಚು ಅಂತ ಹೆದರಿದ್ದೆವು, ಕೊನೆಗೆ ರೋಗ ಇದ್ದದ್ದು ಒಂದು ಮೋರಿಯಲ್ಲಿ. ಮೋರಿ ತಿರುಗಿಸಿ ಗೋಡೆ ಸುತ್ತ ಇಳಿಜಾರಾಗಿ ಕಲ್ಲುಹಾಸು ಹಾಕುತ್ತಿದ್ದೇವೆ. ಅತ್ತಿಮರ ಕಡಿಯಬೇಕೋ ಬೇಡವೋ ಅಂತ ಸಮಿತಿಯಲ್ಲಿ ಇನ್ನೂ ಜಗಳ ನಡೆದಿದೆ. ನಾನು ಬೇಡ ಅನ್ನುವ ಕಡೆ ಇದ್ದೇನೆ.

ಹೊಸ ಬ್ಲಾಕಿಗೆ ಪಾಯಕ್ಕೇ ಅಷ್ಟು ದುಡ್ಡಾ? ನಮ್ಮ ಮನೆ ಪಾಯ ಅದರ ಕಾಲು ಭಾಗಕ್ಕೆ ಮುಗಿಯಿತು.

ನಿಮ್ಮ ಮನೆ ಗುಡ್ಡದ ಕಡೆ, ಕೆಂಪು ನೆಲದಲ್ಲಿ. ಚಿತ್ರದುರ್ಗದಲ್ಲಾದರೆ ನಾಲ್ಕಡಿ ಅಗೆದರೆ ಬಂಡೆಯೇ ಬಂದು “ಸಾಕು” ಅನ್ನುತ್ತದೆ. ಇಲ್ಲಿ ಎರೆ ಮಣ್ಣು. ಹತ್ತಿಗೆ, ಜೋಳಕ್ಕೆ ಬಂಗಾರ, ಗೋಡೆಗೆ ಶನಿ. ಬೇಸಿಗೆಯಲ್ಲಿ ಅದರ ಬಿರುಕಿನಲ್ಲಿ ಕೈ ಇಳಿಯುತ್ತದೆ. ಜೊತೆಗೆ ನಾಲೆ ನೀರಿನ ತೇವ ಬಂದು ಹೋಗುತ್ತಿರುತ್ತದೆ, ನೆಲಕ್ಕೆ ಉಬ್ಬು-ತಗ್ಗು ನಿಲ್ಲುವುದೇ ಇಲ್ಲ.

ಆದ್ದರಿಂದ ಮಣ್ಣು ಪರೀಕ್ಷೆ ಮಾಡಿಸಿದೆವು. ಬುಡದಲ್ಲಿ ಗಂಟೆಯ ಹಾಗೆ ಅಗಲ ಆಗುವ ಪೈಲ್‌ಗಳನ್ನು (ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬ) ಎರೆ ಪದರ ದಾಟಿ ಕೆಳಗಿನ ಗಟ್ಟಿ ನೆಲದವರೆಗೆ ಇಳಿಸಿ, ಮೇಲೆ ಬೀಮ್ ಕಟ್ಟಿ, ಅದರ ಮೇಲೆ ಗೋಡೆ. ಬೀಮಿಗೂ ಮಣ್ಣಿಗೂ ನಡುವೆ ಸ್ವಲ್ಪ ಜಾಗ ಬಿಡಬೇಕು, ಮಣ್ಣು ಉಬ್ಬಿದರೆ ಅಲ್ಲಿ ಉಬ್ಬಿಕೊಳ್ಳಲಿ ಅಂತ. ಅಗೆದ ಕರಿ ಮಣ್ಣನ್ನು ಮತ್ತೆ ಪಾಯಕ್ಕೆ ತುಂಬುವಂತಿಲ್ಲ, ಗರಸು ತರಿಸಿ ತುಂಬುತ್ತಿದ್ದೇವೆ. “ಮಣ್ಣು ಇಲ್ಲೇ ರಾಶಿ ಬಿದ್ದಿದೆ, ದುಡ್ಡು ಕೊಟ್ಟು ಮಣ್ಣು ತರಿಸ್ತೀರಲ್ಲ” ಅಂತ ಒಬ್ಬ ಹಿರಿಯರು ಬೇಜಾರು ಮಾಡಿಕೊಂಡರು. ಆ ರಾಶಿ ತೋಟಕ್ಕೆ ಹೋಗುತ್ತದೆ ಅಂದ ಮೇಲೆ ಸಮಾಧಾನ ಆಯ್ತು.

ಕಾಂಕ್ರೀಟಿಗೆ ನೀರು ಹಾಕುವ ಕ್ಯೂರಿಂಗ್ ಎಷ್ಟು ದಿನ?

ನಮ್ಮ ಬಿಸಿಲಿಗೆ 14 ದಿನ. “ಏಳು ದಿನ ಸಾಕು ಸಾರ್” ಅನ್ನುವ ಮೇಸ್ತ್ರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು, 14 ದಿನವೇ ನೀರು ಹಾಕಿಸಿ.

ನೀರಿಗೆ ಏನು ಮಾಡುತ್ತೀರಿ? ನಾಲೆ ಪಕ್ಕದಲ್ಲೇ ಇದೆಯಲ್ಲ.

ನಾಲೆ ನೀರು ಹೊಲಕ್ಕೆ, ನಮಗಲ್ಲ. ಬೋರ್‌ವೆಲ್ ಇದೆ. ಆದರೆ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಎಷ್ಟೋ ಬೋರ್‌ಗಳಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಅಂತ ಐಎಸ್‌ಐ ಲೆಕ್ಕ. ಹಲ್ಲು ಕಂದಾಗಿರುವ ಹುಡುಗರನ್ನು ಪ್ರತಿ ವರ್ಷ ನೋಡುತ್ತೇವೆ, ಅವರವರ ಊರಿನ ನೀರಿನ ಗುರುತು ಅದು.

ಮಳೆ ನೀರಿನಲ್ಲಿ ಆ ತೊಂದರೆ ಇಲ್ಲ. ಲೆಕ್ಕ ಸುಲಭ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಹಳೆಯದು ಹೊಸದು ಸೇರಿ ಮಾಡು 1000 ಚದರ ಮೀಟರ್, ವರ್ಷಕ್ಕೆ ಮಳೆ 600 ಮಿಲಿಮೀಟರ್ ಆಸುಪಾಸು ಅಂತ ಇಟ್ಟುಕೊಳ್ಳಿ. 6 ಲಕ್ಷ ಲೀಟರ್. ಸೋರಿ, ಆವಿಯಾಗಿ ಹೋದದ್ದು ಕಳೆದರೂ 4.8 ಲಕ್ಷ ಕೈಗೆ ಸಿಗುತ್ತದೆ. 60 ಜನಕ್ಕೆ ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೆ ಸುಮಾರು ಎರಡು ತಿಂಗಳ ನೀರು.

ಎರಡೇ ತಿಂಗಳಾ ಅಂತ ಮೂಗು ಮುರಿಯಬೇಡಿ. ಸ್ನಾನಕ್ಕೆ, ಬಟ್ಟೆಗೆ ಬೋರ್ ನೀರು ಸಾಕು. ಕುಡಿಯುವುದಕ್ಕೆ, ಅಡುಗೆಗೆ ಮಾತ್ರ ಮಳೆ ನೀರು ಅಂದರೆ ತಲೆಗೆ 5 ಲೀಟರ್, ದಿನಕ್ಕೆ 300 ಲೀಟರ್. ಮಳೆ ಇಲ್ಲದ 150 ದಿನಕ್ಕೆ 45,000 ಲೀಟರ್. ಅಷ್ಟು ದೊಡ್ಡ ಸಂಪು ಕಟ್ಟುತ್ತಿದ್ದೇವೆ. ಮೊದಲ ಮಳೆಯ ಕೊಳೆ ನೀರು ಹೊರಗೆ ಹೋಗುವ ಹಾಗೆ ಪೈಪಿಗೆ ಒಂದು ವಾಲ್ವ್, ಉಳಿದ ನೀರು ಬೋರ್ ಪಕ್ಕದ ಇಂಗುಗುಂಡಿಗೆ. ಇದೆಲ್ಲ ಹೊಸ ವಿದ್ಯೆ ಅಲ್ಲ. ದುರ್ಗದ ಕೋಟೆ ಹತ್ತಿದವರು ನೋಡಿರುತ್ತೀರಿ, ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿಯರ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಇನ್ನೂ ಕೆಳಕ್ಕೆ. ಒಂದು ಹನಿ ಬಿಟ್ಟಿಲ್ಲ ಪಾಳೇಗಾರರು. ವಾಣಿವಿಲಾಸ ಸಾಗರ 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ಅಂಥ ಸೀಮೆಯವರು ನಾವು, ಮಾಡಿನ ನೀರನ್ನು ಮೋರಿಗೆ ಬಿಟ್ಟು ಟ್ಯಾಂಕರ್‌ಗೆ ಫೋನ್ ಮಾಡುತ್ತಾ ಕೂರಬಾರದು.

ಶೌಚಾಲಯದ ಗುಂಡಿ ಬೋರ್‌ನಿಂದ 60 ಅಡಿಯಾದರೂ ದೂರ ಇರಲೇಬೇಕು ಅಂತ ನಾನು ಹಟ ಹಿಡಿದದ್ದಕ್ಕೆ ಕಾರಣ ಇದೆ. ಎಷ್ಟೋ ವರ್ಷದ ಹಿಂದೆ ಒಂದು ಹಾಸ್ಟೆಲ್ ಕಟ್ಟುವಾಗ ಜಾಗ ಉಳಿಸಲು ಗುಂಡಿಯನ್ನು ಬೋರ್ ಹತ್ತಿರಕ್ಕೆ ಎಳೆದಿದ್ದರು. ಆ ಡ್ರಾಯಿಂಗ್ ಮೇಲೆ ನನ್ನ ಸಹಿಯೂ ಇತ್ತು. ಎರಡನೇ ಮಳೆಗಾಲಕ್ಕೆ ಅರ್ಧ ಹಾಸ್ಟೆಲ್ ವಾಂತಿ-ಭೇದಿಯಿಂದ ಮಲಗಿತು. ಯಾರೂ ಸಾಯಲಿಲ್ಲ, ದೇವರ ದಯೆ. ಅವತ್ತಿನಿಂದ ಡ್ರಾಯಿಂಗ್ ಕೊಟ್ಟರೆ ಮೊದಲು ಟೇಪ್ ಇಟ್ಟು ಅಳೆಯುವುದು ಅದನ್ನೇ.

ಎಸಿ ಹಾಕಿಸುತ್ತೀರಾ?

ಇಲ್ಲ. ಪಡುವಣದ ಗೋಡೆಗೆ ಕಿಟಕಿ ಕಡಿಮೆ, ಆ ಕಡೆ ಅಗಲವಾದ ಪಡಸಾಲೆ, ಹೊರಗೆ ಹೊಂಗೆ, ಬೇವು. ತಾರಸಿಗೆ ಬಿಳಿ ಸುಣ್ಣ. ಅಷ್ಟಾದರೂ ಮೇ ತಿಂಗಳಲ್ಲಿ ಸೆಕೆ ಇರುತ್ತದೆ. ಆಗ ಹುಡುಗರು ರಜೆಗೆ ಊರಿಗೆ ಹೋಗಿರುತ್ತಾರೆ.

ಪ್ರಾರ್ಥನಾ ಮಂದಿರ ದೊಡ್ಡದು ಮಾಡುತ್ತೀರಂತೆ, ಹಳೆ ಬಲಿಪೀಠ (ಫಾದರ್ ಪೂಜೆ ಅರ್ಪಿಸುವ ಮೇಜು) ಏನಾಗುತ್ತದೆ?

ಮಂದಿರ ಉದ್ದಕ್ಕೆ ಬೆಳೆಯುವುದಿಲ್ಲ, ಪಕ್ಕದ ಎರಡು ಕೋಣೆಯ ಗೋಡೆ ತೆಗೆದು ಅಗಲ ಮಾಡುತ್ತೇವೆ. ತೆಗೆಯುವ ಗೋಡೆಯ ಭಾರ ಹೊರಲು ಮೇಲೆ ಕಬ್ಬಿಣದ ತೊಲೆ ಬರುತ್ತದೆ. ಕೆಲಸ ಮುಗಿಯುವವರೆಗೆ, ಪೂಜೆಯ ಪವಿತ್ರ ರೊಟ್ಟಿ ಇಡುವ ಪ್ರಸಾದ ಪೆಟ್ಟಿಗೆಯನ್ನು ಲೈಬ್ರರಿಯ ಮೂಲೆಯಲ್ಲಿ ಮಾಡಿದ ಸಣ್ಣ ಜಾಗಕ್ಕೆ ತಂದಿದ್ದೇವೆ. ಧರ್ಮಾಧ್ಯಕ್ಷರ (ಬಿಷಪ್‌ರ) ಅನುಮತಿ ತೆಗೆದುಕೊಂಡೇ ಇದನ್ನೆಲ್ಲ ಮಾಡುವುದು.

ನೆಲಕ್ಕೆ ಕೂಡಿಸಿದ ಬಲಿಪೀಠದ ಮೇಲ್ಭಾಗ ಕಲ್ಲಿನದ್ದಾಗಿರಬೇಕು, ಅದೂ ಒಂದೇ ಕಲ್ಲು, ಅನ್ನುವುದು ಧರ್ಮಸಭೆಯ ಸಂಪ್ರದಾಯ. ಕಲ್ಲಿಗೆ ನಮ್ಮಲ್ಲಿ ಬರವೇ? ಹಳೆಯದು ಗಟ್ಟಿಯಾಗಿದೆ, ಅಂಚು ಒಂದು ಕಡೆ ಚಕ್ಕೆ ಎದ್ದಿದೆ, ಅದನ್ನೇ ಇಟ್ಟುಕೊಳ್ಳುತ್ತೇವೆ. ಟೈಲ್ಸ್ ಕೆಲಸಕ್ಕೆ ಬಂದ ಹುಡುಗನೊಬ್ಬ “ಈ ಕಲ್ಲು ಅಡುಗೆ ಮನೆ ಕಟ್ಟೆಗೆ ಎಷ್ಟು ಚೆನ್ನಾಗಿ ಕೂರುತ್ತೆ ಸಾರ್” ಅಂದ. ಪಾಪ, ಅವನಿಗೆ ಗೊತ್ತಿಲ್ಲ. ಅಡುಗೆಯ ಸಿಸ್ಟರ್ ಮುಖ ನೋಡಬೇಕಿತ್ತು.

ಚಿಕ್ಕ ಹುಡುಗರು ಇರುವ ಜಾಗ. ಅವರ ಸುರಕ್ಷತೆಗೆ ಕಟ್ಟಡದಲ್ಲಿ ಏನು ಮಾಡಿದ್ದೀರಿ?

ಈ ಪ್ರಶ್ನೆ ಕೇಳಿದ ತಾಯಂದಿರಿಗೆ ಥ್ಯಾಂಕ್ಸ್. ಕೇಳಲು ಸಂಕೋಚ ಪಡಬೇಡಿ.

ಹೈಸ್ಕೂಲು ಹುಡುಗರ ಡಾರ್ಮಿಟರಿ ಬೇರೆ, ದೊಡ್ಡವರ ಬ್ಲಾಕ್ ಬೇರೆ, ಸ್ನಾನದ ಮನೆಗಳೂ ಬೇರೆ. ಫಾದರ್ ಕೂತು ಹುಡುಗರ ಜೊತೆ ಮಾತಾಡುವ ಕೋಣೆ, ಆಫೀಸು, ಎಲ್ಲದರ ಬಾಗಿಲಿಗೆ ಗಾಜಿನ ಕಿಂಡಿ ಇರುತ್ತದೆ, ಒಳಗೆ ಯಾರಿದ್ದಾರೆ ಅಂತ ಹಾದು ಹೋಗುವವರಿಗೆ ಕಾಣಬೇಕು. ಅತಿಥಿಗಳ ಕೋಣೆ ಮುಂಬಾಗಿಲ ಹತ್ತಿರ, ಮಕ್ಕಳ ಕಡೆ ಅಲ್ಲ. ಕ್ಯಾಮೆರಾ ಪಡಸಾಲೆಯಲ್ಲಿ ಇರುತ್ತದೆ, ಮಲಗುವ ಕಡೆ ಇಲ್ಲ. 2012ರ ಪೋಕ್ಸೋ ಕಾನೂನಿನ ಪ್ರಕಾರ ತಪ್ಪು ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಗೊತ್ತಾದ ಪ್ರತಿಯೊಬ್ಬರ ಕರ್ತವ್ಯ, ರೆಕ್ಟರ್‌ದೊಬ್ಬರದೇ ಅಲ್ಲ. ಮಕ್ಕಳ ಸಹಾಯವಾಣಿ 1098 ಅನ್ನು ದೊಡ್ಡ ಅಕ್ಷರದಲ್ಲಿ ಊಟದ ಹಾಲ್ ಗೋಡೆಗೆ ಬರೆಸುತ್ತೇವೆ.

ಬೆಂಕಿಗೆ ಎರಡು ಮೆಟ್ಟಿಲು, ಕಟ್ಟಡದ ಎರಡು ತುದಿಗೆ. ಬಾಗಿಲುಗಳು ಹೊರಕ್ಕೆ ತೆರೆಯುತ್ತವೆ. ಎರಡನೇ ಮೆಟ್ಟಿಲಿನ ಕೆಳಗೆ ಹಳೆ ಬೆಂಚು ಪೇರಿಸಿಟ್ಟರೆ ನಾನೇ ಎತ್ತಿ ಹೊರಗೆ ಹಾಕುತ್ತೇನೆ.

ಸರ್ಕಾರದ ಅನುಮತಿ ಎಲ್ಲ ಆಗಿದೆಯಾ?

ಜಾಗದ ಒಂದು ಭಾಗ ಇನ್ನೂ ಕೃಷಿ ಜಮೀನು ಅಂತ ಪಹಣಿಯಲ್ಲಿತ್ತು. ಅದಕ್ಕೆ ಭೂ ಪರಿವರ್ತನೆ, ಜಿಲ್ಲಾಧಿಕಾರಿ ಕಡೆಯಿಂದ. ನಕ್ಷೆಗೆ ದೂಡಾ (ನಗರಾಭಿವೃದ್ಧಿ ಪ್ರಾಧಿಕಾರ), ಕರೆಂಟಿಗೆ ಬೆಸ್ಕಾಂ. ಕಟ್ಟಡದ ವೆಚ್ಚದ ಮೇಲೆ ಶೇ. 1ರಷ್ಟು ಕಾರ್ಮಿಕ ಸೆಸ್ ಕಟ್ಟಬೇಕು, ಕೂಲಿಯವರ ಕಲ್ಯಾಣ ಮಂಡಳಿಗೆ ಹೋಗುವ ದುಡ್ಡು ಅದು. ಕೆಲಸಕ್ಕೆ ಬರುವವರಲ್ಲಿ ಲೇಬರ್ ಕಾರ್ಡ್ ಇಲ್ಲದವರಿಗೆ ಮಾಡಿಸಿಕೊಳ್ಳಿ ಅಂತ ಬ್ರದರ್‌ಗಳು ಫಾರಂ ತುಂಬಿ ಕೊಡುತ್ತಿದ್ದಾರೆ.

ಫಾರಿನ್ ದುಡ್ಡು ಬರುತ್ತಲ್ಲ, ನಮ್ಮನ್ನು ಯಾಕೆ ಕೇಳುತ್ತೀರಿ?

ಎಲ್ಲರ ಮನಸ್ಸಿನಲ್ಲಿ ಇರುವ ಪ್ರಶ್ನೆ, ಬಾಯಿ ಬಿಟ್ಟು ಕೇಳುವವರು ಕಡಿಮೆ.

ಮಿಷನ್ ದೇಶಗಳ ಗುರುಮಠಗಳಿಗೆ ನೆರವಾಗಲು ಪ್ರೇಷಿತ ಸಂತ ಪೇತ್ರರ ಹೆಸರಿನ ಸಂಘವೊಂದು ಇದೆ ನಿಜ. ಫ್ರಾನ್ಸ್‌ನ ಕಾನ್ ಎಂಬ ಊರಿನಲ್ಲಿ ಜಾನ್ ಬಿಗಾರ್ ಅನ್ನುವ ಹೆಣ್ಣುಮಗಳು ಮತ್ತು ಅವರ ತಾಯಿ ಸ್ಟೆಫನಿ 1889ರಲ್ಲಿ ಶುರು ಮಾಡಿದ್ದು. ಈಗ ಪೋಪ್‌ರ ಅಧೀನದಲ್ಲಿದೆ. ಆದರೆ ಹೊರಗಿನ ದುಡ್ಡು ಅಂದರೆ ನಲ್ಲಿ ತಿರುಗಿಸಿದ ಹಾಗೆ ಅಲ್ಲ. 2020ರಲ್ಲಿ ವಿದೇಶಿ ದೇಣಿಗೆ ಕಾನೂನಿಗೆ ತಿದ್ದುಪಡಿ ಬಂತು. ದುಡ್ಡು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಒಂದು ಸಂಸ್ಥೆಗೆ ಬಂದದ್ದನ್ನು ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ. ಆಡಳಿತ ಖರ್ಚು ಶೇ. 20 ದಾಟುವಂತಿಲ್ಲ. ಅದನ್ನು ನಂಬಿಕೊಂಡು ಪಾಯ ಅಗೆದರೆ ಪಾಯದಲ್ಲಿ ಮಳೆ ನೀರು ನಿಲ್ಲುತ್ತದೆ. ನಾವು ಮೊದಲು ಎಣಿಸುವುದು ಧರ್ಮಕೇಂದ್ರಗಳಿಂದ, ಅಂದರೆ ಊರೂರಿನ ಚರ್ಚ್‌ಗಳಿಂದ, ಬರುವ ಕಾಣಿಕೆಯನ್ನೇ.

ಕೊಟ್ಟರೆ ಟ್ಯಾಕ್ಸ್ ಉಳಿಯುತ್ತದಾ? ಕ್ಯಾಶ್ ಕೊಡಬಹುದಾ?

ಪೂರ್ತಿ ಧಾರ್ಮಿಕ ಉದ್ದೇಶದ ಟ್ರಸ್ಟಿಗೆ ಕೊಟ್ಟದ್ದಕ್ಕೆ ಸಾಮಾನ್ಯವಾಗಿ 80ಜಿ ವಿನಾಯಿತಿ ಇಲ್ಲ. ಟ್ಯಾಕ್ಸ್ ಉಳಿಸಲು ಬೇರೆ ದಾರಿ ನೋಡಿಕೊಳ್ಳಿ. ಕ್ಯಾಶ್ ಕೊಡಬಹುದು, ರಸೀದಿ ಕೇಳಿ ಪಡೆಯಿರಿ. ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಮೇಲೆ ಕ್ಯಾಶ್ ಮುಟ್ಟಲು ಕಾನೂನು ಬಿಡುವುದಿಲ್ಲ. ಅಷ್ಟು ಇರುವವರು ಚೆಕ್ ಬರೆಯಿರಿ.

ನಾನು ನೀರಿನ ಸಂಪಿಗೆ ಅಂತ ಕೊಟ್ಟ ದುಡ್ಡನ್ನು ಬೇರೆ ಕಡೆ ಹಾಕಿದರೆ?

ಹಾಕುವಂತಿಲ್ಲ. ಧರ್ಮಸಭೆಯ ಕಾನೂನಿನ 1267ನೇ ಕಲಮು ಅದನ್ನೇ ಹೇಳುತ್ತದೆ, ಒಂದು ಉದ್ದೇಶಕ್ಕೆ ಕೊಟ್ಟದ್ದು ಆ ಉದ್ದೇಶಕ್ಕೇ. ರಸೀದಿಯಲ್ಲಿ ‘ಸಂಪು’ ಅಂತ ಬರೆಸಿಕೊಳ್ಳಿ. ತಿಂಗಳಿಗೊಮ್ಮೆ ಖರ್ಚಿನ ಪಟ್ಟಿಯನ್ನು ಊಟದ ಹಾಲಿನ ಹೊರಗಿನ ಬೋರ್ಡಿಗೆ ಹಚ್ಚುತ್ತೇವೆ. ಮೊಳೆಯ ಲೆಕ್ಕ ಕೂಡ ಅದರಲ್ಲಿದೆ.

ನಮ್ಮಪ್ಪನ ನೆನಪಿಗೆ ಫ್ಯಾನ್ ಕೊಡಬೇಕು ಅಂತ ಇದೆ. ಹೆಸರು ಬರೆಸಬಹುದಾ?

ಅಣ್ಣಾ, ಫ್ಯಾನ್ ಸಾಕು. ಗೋಡೆ ಗಡಿಯಾರವೂ ಸಾಕು, ಇನ್ನೂ ಗೋಡೆಯೇ ಎದ್ದಿಲ್ಲ, ಗಡಿಯಾರ ಆರು ಬಂದಿವೆ. ರೆಕ್ಕೆ ಮೇಲೆ ಬರೆದ ಹೆಸರು ಸ್ವಿಚ್ ಹಾಕಿದ ಮೇಲೆ ಯಾರಿಗೆ ಕಾಣುತ್ತದೆ ಹೇಳಿ! ಶೌಚಾಲಯಕ್ಕೆ ಕೊಡುವವರೇ ಇಲ್ಲ. ಎಂಟು ಜನಕ್ಕೆ ಒಂದು ಅಂತ ನಾವು ಲೆಕ್ಕ ಇಟ್ಟುಕೊಂಡಿದ್ದೇವೆ. ಒಬ್ಬ ಅಜ್ಜಿ ಮಾತ್ರ, “ನನ್ನ ಹೆಸರು ಬೇಡಪ್ಪ, ಆ ಮಕ್ಕಳು ಬೆಳಿಗ್ಗೆ ಸಾಲು ನಿಲ್ಲೋದು ತಪ್ಪಲಿ” ಅಂತ ಪೆನ್ಶನ್ ದುಡ್ಡು ಕವರಿನಲ್ಲಿ ತಂದು ಕೊಟ್ಟರು.

ಸಿಮೆಂಟ್ ಕೊಡುವವರು ಮೊದಲು ಫೋನ್ ಮಾಡಿ. ಮೂರು ತಿಂಗಳು ಗೋಡೌನಿನಲ್ಲಿ ಕೂತರೆ ಅದರ ಬಲ ಇಳಿಯುತ್ತದೆ.

ನಮ್ಮೂರ ಚರ್ಚೇ ಸೋರುತ್ತಿದೆ. ಮೊದಲು ಅದು ಆಗಬೇಡವಾ?

ಆಗಬೇಕು. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಹಳ್ಳಿ ಚರ್ಚಿನ ರಿಪೇರಿಗೆ ಇಟ್ಟ ದುಡ್ಡನ್ನು ಇಲ್ಲಿಗೆ ತಂದಿಲ್ಲ, ತರುವುದೂ ಇಲ್ಲ. ಈ ಪ್ರಶ್ನೆ ಬಂದ ಮೇಲೆ ನಾವು ಒಂದು ಬದಲಾವಣೆ ಮಾಡಿದೆವು. ಮುಂಭಾಗಕ್ಕೆ ಅಂತ ಹಾಕಿದ್ದ ಕಂಬದ ಪೋರ್ಟಿಕೋ, ಗ್ರಾನೈಟ್ ಮೆಟ್ಟಿಲು, ಎರಡನ್ನೂ ಡ್ರಾಯಿಂಗಿನಿಂದ ತೆಗೆದು ಹಾಕಿದ್ದೇವೆ. ಆರ್ಕಿಟೆಕ್ಟ್‌ಗೆ ಸ್ವಲ್ಪ ಬೇಜಾರಾಯ್ತು. ಇನ್ನೊಂದು, ಇಲ್ಲಿ ಹೆಂಚಿನ ಕೆಲಸ ಮುಗಿಸಿದ ತಂಡವನ್ನು ಹಾಗೇ ನಿಮ್ಮೂರಿಗೂ ಕಳಿಸಬಹುದು, ಮೇಸ್ತ್ರಿ ಒಪ್ಪಿದ್ದಾನೆ. ಹೆಂಚು ನೀವು ನೋಡಿಕೊಳ್ಳಿ.

ನಾವು ದುಡ್ಡು ಕೊಡಲಾರೆವು. ಕೆಲಸ ಮಾಡಬಹುದಾ?

ಶನಿವಾರ ಬೆಳಿಗ್ಗೆ ಬನ್ನಿ. ಹೆಂಚು ತೊಳೆಯುವುದು, ಗಿಡ ನೆಡುವುದು, ಕಲ್ಲು ಸಾಗಿಸುವುದು, ಇಂಥವು. ಸೆಂಟ್ರಿಂಗ್ ಮೇಲೆ ಹತ್ತಲು ಬಿಡುವುದಿಲ್ಲ. ಹತ್ತು ಗಂಟೆಗೆ ಮಂಡಕ್ಕಿ-ಮೆಣಸಿನಕಾಯಿ, ಚಹಾ. ಕಳೆದ ತಿಂಗಳು ಪಕ್ಕದ ಹೊಲದವರು, ನಮ್ಮ ಧರ್ಮದವರಲ್ಲ, ಟ್ರಾಕ್ಟರ್ ತಂದು ಗರಸು ಹೊಡೆದು ಕೊಟ್ಟರು. ಡೀಸೆಲ್ ದುಡ್ಡು ಕೊಡಲು ಹೋದರೆ ಬೈದರು.

ಯಾವಾಗ ಮುಗಿಯುತ್ತದೆ?

ಹೆಂಚಿನ ಕೆಲಸ ಮುಂಗಾರಿನ ಒಳಗೆ, ಇದರಲ್ಲಿ ಮಾತಿಲ್ಲ. ಸಂಪು ಅದಕ್ಕೂ ಮೊದಲು, ಇಲ್ಲದಿದ್ದರೆ ಒಂದು ವರ್ಷದ ಮಳೆ ಹೋಯ್ತು. ಹೊಸ ಬ್ಲಾಕ್ ದುಡ್ಡು ಬಂದ ಹಾಗೆ. ಸಾಲ ಮಾಡಿ ಕಟ್ಟುವುದು ಬೇಡ ಅಂತ ಸಮಿತಿ ತೀರ್ಮಾನ ಮಾಡಿದೆ, ಆದ್ದರಿಂದ ತಾರೀಖು ಕೇಳಬೇಡಿ.

ಬಂದು ನೋಡಬಹುದಾ?

ಯಾವಾಗ ಬೇಕಾದರೂ. ಸಂಜೆ ಐದರ ಮೇಲೆ ಹುಡುಗರು ವಾಲಿಬಾಲ್ ಆಡುತ್ತಿರುತ್ತಾರೆ, ಯಾರನ್ನು ಕೇಳಿದರೂ ಸುತ್ತಾಡಿಸಿ ತೋರಿಸುತ್ತಾರೆ. ಮಕ್ಕಳನ್ನು ಪಾಯದ ಗುಂಡಿ ಹತ್ತಿರ ಬಿಡಬೇಡಿ. ಗೋಡೆ ಮೇಲಿನ ಗಾಜನ್ನು ಬೆರಳಲ್ಲಿ ಒತ್ತಿ ನೋಡಬೇಡಿ. ಹಾಗೆ ಒತ್ತಿದವರೊಬ್ಬರಿಂದ ಮೂರನೇ ಗಾಜು ಮೊನ್ನೆ ಒಡೆಯಿತು. ಗೋಡೆ ಅಲುಗಿತು ಅಂತ ನಾನು ಒಂದು ರಾತ್ರಿ ನಿದ್ದೆ ಮಾಡಲಿಲ್ಲ.